ಫಾರ್ಮಕಾಲಜಿ ಓದುವುದು ಹೇಗೆ: ಶಿವಮೊಗ್ಗ ಕಡೆಯ ವಿದ್ಯಾರ್ಥಿಗಳಿಗೆ

ಎಂಬಿಬಿಎಸ್ ಎರಡನೇ ವರ್ಷಕ್ಕೆ ಬಂದವರು, ಬಿ.ಫಾರ್ಮ್ ನಾಲ್ಕನೇ ಸೆಮಿಸ್ಟರ್‌ಗೆ ಬಂದವರು, ಇಬ್ಬರೂ ಮೊದಲ ವಾರ ಕೇಳುವುದು ಒಂದೇ ಪ್ರಶ್ನೆ. ಇಷ್ಟೊಂದು ಔಷಧದ ಹೆಸರು ತಲೆಯಲ್ಲಿ ಇಟ್ಟುಕೊಳ್ಳೋದು ಹೇಗೆ ಅಂತ. ಹೆಸರಿನಿಂದ ಶುರು ಮಾಡಿದರೆ ಆಗುವುದಿಲ್ಲ, ಅಷ್ಟೇ. ಪಟ್ಟಿ ಮಾಡಿ, ಗೋಡೆಗೆ ಅಂಟಿಸಿ, ಬೆಳಿಗ್ಗೆ ಎದ್ದು ಉರು ಹೊಡೆದವರು ಮೊದಲ ಇಂಟರ್ನಲ್ಸ್ ದಾಟುತ್ತಾರೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಕಲಸಿ ಹೋಗಿರುತ್ತದೆ. ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ಈ ವಿಷಯದ ಅರ್ಧ ಪಾಠ ನಮ್ಮ ತೋಟ, ಕಾಡು, ಮನೆಯ ಮಾತ್ರೆ ಡಬ್ಬಿಯಲ್ಲೇ ಬಿದ್ದಿದೆ. ಅಲ್ಲಿಂದ ಹಿಡಿದುಕೊಂಡು ಹೋದರೆ ಪುಸ್ತಕ ಹಗುರಾಗುತ್ತದೆ.

ಹೆಸರು ಆಮೇಲೆ, ಜಾಗ ಮೊದಲು

ಯಾವ ಔಷಧ ಎದುರಾದರೂ ಮೂರು ಪ್ರಶ್ನೆ ಕೇಳಿ. ಇದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ? ಕೂತು ಏನು ಮಾಡುತ್ತದೆ, ಚಾಲೂ ಮಾಡುತ್ತದೋ ತಡೆಯುತ್ತದೋ? ಅದೇ ಜಾಗ ದೇಹದಲ್ಲಿ ಬೇರೆ ಎಲ್ಲೆಲ್ಲಿ ಇದೆ?

ಮೂರನೆಯದನ್ನು ಜಾಸ್ತಿ ಜನ ಕೇಳುವುದೇ ಇಲ್ಲ. ಅಡ್ಡ ಪರಿಣಾಮದ ಪಟ್ಟಿ ಪೂರ್ತಿ ಹುಟ್ಟುವುದು ಅಲ್ಲಿಂದಲೇ. ಬಿಪಿ, ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್ ತೆಗೆದುಕೊಳ್ಳಿ. ಅದು ಬೀಟಾ ರಿಸೆಪ್ಟರ್ ತಡೆಯುತ್ತದೆ, ರಿಸೆಪ್ಟರ್ ಅಂದರೆ ಜೀವಕೋಶದಲ್ಲಿ ಔಷಧ ಹೋಗಿ ಕೂರುವ ಆ ಜಾಗ. ಬೀಟಾ 1 ಹೃದಯದಲ್ಲಿದೆ, ಹಾಗಾಗಿ ನಾಡಿ ಇಳಿಯುತ್ತದೆ. ಬೀಟಾ 2 ಶ್ವಾಸನಾಳದಲ್ಲಿದೆ, ಹಾಗಾಗಿ ಆಸ್ತಮಾ ಇರುವವರಿಗೆ ಕೊಟ್ಟರೆ ಉಸಿರು ಕಟ್ಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತೀರಾ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಎಚ್ಚರಿಕೆ ಕೊಡುತ್ತದೆ ಅಲ್ವಾ, ಆ ಎರಡೂ ಬೀಟಾ ಮೂಲಕವೇ ಬರುವುದರಿಂದ ಮುಚ್ಚಿಹೋಗುತ್ತವೆ. ಆದರೆ ಬೆವರು ಮಾತ್ರ ಬರುತ್ತದೆ, ಯಾಕೆಂದರೆ ಬೆವರಿನ ಗ್ರಂಥಿಗೆ ಹೋಗುವ ನರ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಿಡುತ್ತದೆ, ಅದಕ್ಕೆ ಬೀಟಾ ಬೇಡ. ನೋಡಿ, ಒಂದು ಸಾಲು ಗೊತ್ತಿದ್ದರೆ ನಾಲ್ಕು ಉತ್ತರ. ಇದರಲ್ಲಿ ಉರು ಹೊಡೆಯುವುದು ಏನೂ ಇಲ್ಲ.

ಒಂದು ಗುಂಪಿಗೆ ಒಂದೇ ಔಷಧವನ್ನು ಪೂರ್ತಿ ಓದಿ. ಉಳಿದವು ಅದಕ್ಕಿಂತ ಎಲ್ಲಿ ಬೇರೆ ಅನ್ನುವುದನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಿ. ಅಟೆನೊಲಾಲ್ ಬೀಟಾ 1 ಮೇಲೆ ಹೆಚ್ಚು, ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತದೆ. ಸಾಕು.

ಹೆಸರಿನ ಬಾಲ ಗೊತ್ತಿದ್ದರೆ ಗುಂಪು ಸಿಗುತ್ತದೆ. ಪ್ರಿಲ್ ಅಂತ ಮುಗಿದರೆ ಬಿಪಿ ಏರಿಸುವ ಎಸಿಇ ಎಂಜೈಮ್ ತಡೆಯುವವು, ಸಾರ್ಟಾನ್ ಅಂದರೆ ಆಂಜಿಯೊಟೆನ್ಸಿನ್ ರಿಸೆಪ್ಟರ್ ತಡೆಯುವವು, ಡಿಪಿನ್ ಅಂದರೆ ಕ್ಯಾಲ್ಸಿಯಂ ಚಾನಲ್, ಸ್ಟಾಟಿನ್ ಕೊಲೆಸ್ಟ್ರಾಲಿಗೆ, ಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ. ಆದರೆ ಬಾಲ ನಂಬಿಕೊಂಡೇ ಕೂರಬೇಡಿ. ಅರಿಪಿಪ್ರಜೋಲ್ ಮಾನಸಿಕ ಕಾಯಿಲೆಯ ಔಷಧ, ಹೊಟ್ಟೆಗೂ ಅದಕ್ಕೂ ಸಂಬಂಧ ಇಲ್ಲ. ವೈವಾದಲ್ಲಿ ಇದನ್ನೇ ಕೇಳಿ ನಗುವವರಿದ್ದಾರೆ.

ಅಡಿಕೆಯಿಂದ ಶುರು ಮಾಡಿ

ಎಎನ್‌ಎಸ್ ಅಂದರೆ ಅಟಾನಮಿಕ್ ನರಮಂಡಲ, ನಾವು ಹೇಳದೆ ತಾನಾಗಿ ಕೆಲಸ ಮಾಡುವ ನರಗಳು. ಇದನ್ನು ಅರ್ಧಂಬರ್ಧ ಓದಿ ಮುಂದೆ ಹೋದರೆ ಹೃದಯ, ಶ್ವಾಸಕೋಶ, ಕಣ್ಣು, ಹೊಟ್ಟೆ ಎಲ್ಲವೂ ಕಷ್ಟವಾಗುತ್ತವೆ. ಉಳಿದ ಅಧ್ಯಾಯಕ್ಕೆ ಒಂದು ವಾರ ಕೊಟ್ಟರೆ ಇದಕ್ಕೆ ಮೂರು ವಾರ ಕೊಡಿ. ಸುಮ್ನೆ ಹೇಳುತ್ತಿಲ್ಲ.

ನಮ್ಮ ಕಡೆ ಇದಕ್ಕೆ ಅಡಿಕೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಅದು ಅಸಿಟೈಲ್‌ಕೋಲಿನ್ ಕೂರುವ ಮಸ್ಕರಿನಿಕ್ ರಿಸೆಪ್ಟರ್ ಮೇಲೆ ಕೂತು ಅದನ್ನು ಚಾಲೂ ಮಾಡುತ್ತದೆ, ಸ್ವಲ್ಪ ನಿಕೋಟಿನಿಕ್ ಮೇಲೂ. ಅಭ್ಯಾಸ ಇಲ್ಲದವರು ಹಸಿ ಅಡಿಕೆ ಹಾಕಿಕೊಂಡರೆ ಅಡಿಕೆ ಸೊಕ್ಕಿತು ಅನ್ನುತ್ತೇವಲ್ಲ, ಬಾಯಲ್ಲಿ ನೀರು, ಮೈಯೆಲ್ಲ ಬೆವರು, ತಲೆ ಸುತ್ತು, ಎದೆ ಹಿಡಿದ ಹಾಗೆ, ಆ ಲಕ್ಷಣಗಳನ್ನು ಹಾಳೆಯ ಮೇಲೆ ಬರೆದು ಪುಸ್ತಕದ ಮಸ್ಕರಿನಿಕ್ ಪರಿಣಾಮದ ಪಟ್ಟಿಯ ಪಕ್ಕ ಇಡಿ. ಎಷ್ಟೋ ಹೊಂದುತ್ತವೆ. ಈಗ ಇದನ್ನೇ ಮುಂದೆ ತಳ್ಳಿ. ಆಸ್ತಮಾ ಇರುವವರು ಎಲೆ ಅಡಿಕೆ ಜಾಸ್ತಿ ಹಾಕಿದರೆ ಏನಾಗಬಹುದು? ಶ್ವಾಸನಾಳ ಬಿಗಿಯುತ್ತದೆ. ಮಾನಸಿಕ ಕಾಯಿಲೆಯ ಔಷಧದಿಂದ ಮೈ ಬಿಗಿಯಾದವರಿಗೆ ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಾರೆ, ಅದು ಮಸ್ಕರಿನಿಕ್ ತಡೆಯುವ ಔಷಧ. ಆ ಮನುಷ್ಯ ದಿನವಿಡೀ ಕವಳ ಹಾಕುತ್ತಿದ್ದರೆ? ಒಂದು ತಡೆಯುತ್ತದೆ, ಇನ್ನೊಂದು ಎಬ್ಬಿಸುತ್ತದೆ. ರೋಗಿಯ ಇತಿಹಾಸ ಕೇಳುವಾಗ ಎಲೆ ಅಡಿಕೆಯ ಬಗ್ಗೆ ಕೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕೇ. ಬಾಯಿ ಕ್ಯಾನ್ಸರ್ ವಿಷಯ ಬೇರೆಯೇ ಇದೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಗುಂಪಿಗೆ, ಸೇರಿಸಿದೆ. ಊರಿನಲ್ಲಿ ಈ ಮಾತು ಎತ್ತಿದರೆ ಜಗಳ ಗ್ಯಾರಂಟಿ, ಅದು ನಿಮ್ಮ ತಲೆನೋವು.

ಮುಂದಿನ ಮೆಟ್ಟಿಲು ಕೀಟನಾಶಕ. ಆರ್ಗನೋಫಾಸ್ಫರಸ್ ವಿಷ ಅಸಿಟೈಲ್‌ಕೋಲಿನ್ ಒಡೆಯುವ ಎಂಜೈಮನ್ನೇ ಕಟ್ಟಿಹಾಕುತ್ತದೆ, ಹಾಗಾಗಿ ಅಡಿಕೆ ಸೊಕ್ಕಿದಾಗ ಕಂಡದ್ದು ನೂರು ಪಟ್ಟು ಜೋರಾಗಿ ಬರುತ್ತದೆ. ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಿನ ಪಾಪೆ, ಬಾಯಲ್ಲಿ ಜೊಲ್ಲು, ಎದೆ ತುಂಬ ಕಫ, ನಿಧಾನವಾದ ನಾಡಿ, ಸ್ನಾಯು ಅದುರುವುದು. ಅಟ್ರೋಪಿನ್ ಮಸ್ಕರಿನಿಕ್ ಭಾಗವನ್ನಷ್ಟೇ ಸರಿಮಾಡುತ್ತದೆ, ಸ್ನಾಯುವಿನ ನಿಶ್ಶಕ್ತಿಗೆ ಅದು ಕೆಲಸ ಮಾಡುವುದಿಲ್ಲ, ಯಾಕೆಂದರೆ ಅಲ್ಲಿರುವುದು ನಿಕೋಟಿನಿಕ್. ಅದಕ್ಕೆ ಪ್ರಾಲಿಡಾಕ್ಸೈಮ್, ಅದೂ ಎಂಜೈಮ್ ಮತ್ತು ವಿಷದ ಬಂಧ ಗಟ್ಟಿಯಾಗುವ ಮೊದಲೇ ಕೊಡಬೇಕು. ಅಟ್ರೋಪಿನ್ ಎಲ್ಲಿಯವರೆಗೆ ಕೊಡುತ್ತೀರಿ ಅಂತ ಕೇಳಿದರೆ ಪಾಪೆ ಹಿಗ್ಗುವವರೆಗೆ ಅನ್ನಬೇಡಿ. ಎದೆಯ ಕಫದ ಸದ್ದು ಹೋಗಬೇಕು, ನಾಡಿ ಮತ್ತು ಬಿಪಿ ಏರಬೇಕು, ಅದು ಗುರಿ. ಇನ್ನೊಂದು ಮಾತು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಈ ಗುಂಪಿನದ್ದಲ್ಲ. ಅದು ಮೈಲುತುತ್ತ ಮತ್ತು ಸುಣ್ಣ. ಔಷಧಿ ಹೊಡೆಯೋದು ಅಂತ ಎಲ್ಲದಕ್ಕೂ ಒಂದೇ ಮಾತು ಬಳಸುವ ನಮ್ಮವರಿಗೆ ವಾರ್ಡಿನಲ್ಲಿ ಯಾವ ಡಬ್ಬಿ, ಏನು ಹೆಸರು ಅಂತ ಬಿಡಿಸಿ ಕೇಳಲೇಬೇಕು.

ಹಾವು, ಘಾಟಿ, ಉಣುಗು

ಮಳೆಗಾಲದಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ಪೋಸ್ಟಿಂಗ್ ಇದ್ದರೆ ಹಾವು ಕಡಿದ ಕೇಸುಗಳ ಚಾರ್ಟ್ ನೋಡಲು ಕೇಳಿಕೊಳ್ಳಿ. ಒಂದು ಕೇಸಿನಲ್ಲಿ ನಾಲ್ಕು ಅಧ್ಯಾಯ ಇರುತ್ತದೆ. ನಾಗರಹಾವಿನ ವಿಷ ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರನ್ನು ಹಿಡಿಯುತ್ತದೆ. ಅಸಿಟೈಲ್‌ಕೋಲಿನ್ ಒಡೆಯುವ ಎಂಜೈಮ್ ತಡೆಯುವ ನಿಯೋಸ್ಟಿಗ್ಮಿನ್ ಕೊಟ್ಟರೆ ಅಸಿಟೈಲ್‌ಕೋಲಿನ್ ಹೆಚ್ಚಾಗಿ ಪೈಪೋಟಿ ಕೊಡುತ್ತದೆ, ರೆಪ್ಪೆ ಮೇಲೇಳುತ್ತದೆ. ಅದರ ಜೊತೆ ಅಟ್ರೋಪಿನ್ ಯಾಕೆ? ಮೇಲಿನ ಅಡಿಕೆ ಪ್ಯಾರಾ ಓದಿದ್ದರೆ ನಿಮಗೇ ಗೊತ್ತು. ಕಟ್ಟುಹಾವಿನ ವಿಷ ಹೆಚ್ಚಾಗಿ ನರದ ತುದಿಯನ್ನೇ ಹಾಳು ಮಾಡುತ್ತದೆ, ಅಸಿಟೈಲ್‌ಕೋಲಿನ್ ಹೊರಗೇ ಬರುವುದಿಲ್ಲ, ಹಾಗಾಗಿ ನಿಯೋಸ್ಟಿಗ್ಮಿನ್ ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಕಾಯುವ ಪರೀಕ್ಷೆ ಅದಕ್ಕೇ.

ನಮ್ಮ ದೇಶದ ಆಂಟಿ ಸ್ನೇಕ್ ವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಆಗುಂಬೆಯ ಕಾಳಿಂಗಕ್ಕೂ ನಮ್ಮ ಕಾಡಿನ ಪಿಟ್ ವೈಪರ್‌ಗಳಿಗೂ ಅದು ಮಾಡಿದ್ದಲ್ಲ. ಮಗುವಿಗೂ ದೊಡ್ಡವರಿಗೂ ಡೋಸ್ ಒಂದೇ, ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಕೊಡುವಾಗ ಅಲರ್ಜಿಯಾಗಿ ಬಿಪಿ ಬಿದ್ದರೆ ಅಡ್ರಿನಲಿನ್, ತೊಡೆಯ ಸ್ನಾಯುವಿಗೆ. ಅದು ಆಲ್ಫಾ 1, ಬೀಟಾ 1, ಬೀಟಾ 2 ಮೂರರ ಮೇಲೂ ಕೂತು ಏನೇನು ಮಾಡಿ ಜೀವ ಉಳಿಸುತ್ತದೆ ಅಂತ ಪುಸ್ತಕ ಮುಚ್ಚಿ ಬರೆದು ನೋಡಿ. ಇದಕ್ಕಿಂತ ಒಳ್ಳೆಯ ರಿವಿಷನ್ ನನಗೆ ಗೊತ್ತಿಲ್ಲ.

ವಾಂತಿಯ ಔಷಧಗಳಿಗೆ ಆಗುಂಬೆ ಘಾಟಿಯ ಬಸ್ಸು ಸಾಕು. ತಿರುವಿನಲ್ಲಿ ಬರುವ ವಾಂತಿ ಒಳಗಿವಿಯಿಂದ ಹುಟ್ಟುವುದು, ಆ ದಾರಿಯಲ್ಲಿ ಇರುವುದು ಹಿಸ್ಟಮಿನ್ ಎಚ್ 1 ಮತ್ತು ಮಸ್ಕರಿನಿಕ್ ರಿಸೆಪ್ಟರ್. ಅದಕ್ಕೇ ಪ್ರೊಮೆಥಜಿನ್, ಹಯೋಸಿನ್ ಕೆಲಸ ಮಾಡುತ್ತವೆ, ಅದೂ ಬಸ್ಸು ಹತ್ತುವ ಮೊದಲೇ ತೆಗೆದುಕೊಂಡರೆ. ಡೋಂಪೆರಿಡೋನ್ ಡೋಪಮಿನ್ ತಡೆಯುತ್ತದೆ, ಒಂಡಾನ್ಸೆಟ್ರಾನ್ ಸೆರೊಟೋನಿನ್ ತಡೆಯುತ್ತದೆ, ಎರಡೂ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಕೀಮೋಥೆರಪಿಯ ವಾಂತಿಗೆ ಲೆಕ್ಕ ಉಲ್ಟಾ, ಅಲ್ಲಿ ಒಂಡಾನ್ಸೆಟ್ರಾನ್ ಮುಂದೆ.

ಮಂಗನ ಕಾಯಿಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದದ್ದು. ಅದನ್ನು ಹರಡುವ ಉಣುಗು ಕಚ್ಚದ ಹಾಗೆ ಕಾಡಿಗೆ ಹೋಗುವ ಮೊದಲು ಎಣ್ಣೆ ಹಚ್ಚಿಕೊಳ್ಳುವುದು ಬಿಟ್ಟರೆ, ಬಂದ ಮೇಲೆ ವೈರಸ್ಸನ್ನೇ ಕೊಲ್ಲುವ ಪಕ್ಕಾ ಔಷಧ ಇಲ್ಲ, ಆರೈಕೆಯೇ ಚಿಕಿತ್ಸೆ. ಇಲ್ಲಿ ಫಾರ್ಮಕಾಲಜಿ ಪ್ರಶ್ನೆ ಏನು? ಜ್ವರಕ್ಕೆ ಪ್ಯಾರಸಿಟಮಾಲ್ ಸರಿ, ಆಸ್ಪಿರಿನ್ ಯಾಕೆ ಬೇಡ? ರಕ್ತಸ್ರಾವ ಆಗುವ ಜ್ವರ ಇದು. ಆಸ್ಪಿರಿನ್ ಪ್ಲೇಟ್‌ಲೆಟ್‌ನ ಕಾಕ್ಸ್ ಎಂಜೈಮನ್ನು ವಾಪಸ್ ಬಾರದ ಹಾಗೆ ತಡೆಯುತ್ತದೆ, ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಎಂಜೈಮ್ ಮಾಡಿಕೊಳ್ಳಲು ಬರುವುದಿಲ್ಲ, ಅದರ ಆಯಸ್ಸು ಮುಗಿಯುವವರೆಗೆ ಅಂದರೆ ಎಂಟು ಹತ್ತು ದಿನ ಹಾಗೇ. ಡೆಂಗಿಗೂ ಇದೇ ಉತ್ತರ.

ಹಾಫ್ ಲೈಫ್ ಲೆಕ್ಕ

ಫಾರ್ಮಕೊಕೈನೆಟಿಕ್ಸ್, ಅಂದರೆ ದೇಹ ಔಷಧವನ್ನು ಹೇಗೆ ಹೀರಿ, ಹರಡಿ, ಹೊರಗೆ ಹಾಕುತ್ತದೆ ಅನ್ನುವ ಲೆಕ್ಕ, ಎಲ್ಲರಿಗೂ ಭಯ. ಹಾಫ್ ಲೈಫ್ ಅಂದರೆ ರಕ್ತದಲ್ಲಿ ಔಷಧದ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಸೂತ್ರ ಬೇಕಾದ್ದು ಬಹಳ ಕಡಿಮೆ. ಒಂದು ಮಾತು ಗಟ್ಟಿ ಹಿಡಿಯಿರಿ, ಅದೇ ಡೋಸ್ ಅದೇ ಸಮಯಕ್ಕೆ ಕೊಡುತ್ತಾ ಹೋದರೆ ರಕ್ತದಲ್ಲಿ ಮಟ್ಟ ಸ್ಥಿರವಾಗಲು ನಾಲ್ಕರಿಂದ ಐದು ಹಾಫ್ ಲೈಫ್ ಬೇಕು. ಅಮ್ಮ ತೆಗೆದುಕೊಳ್ಳುವ ಥೈರಾಯ್ಡ್ ಮಾತ್ರೆಯ ಹಾಫ್ ಲೈಫ್ ಸುಮಾರು ಏಳು ದಿನ. ಏಳನ್ನು ಐದರಿಂದ ಗುಣಿಸಿ. ಡೋಸ್ ಬದಲಾಯಿಸಿದ ಮೇಲೆ ಡಾಕ್ಟರ್ ಆರು ವಾರ ಬಿಟ್ಟು ಬನ್ನಿ ಅನ್ನುವುದು ಯಾಕೆ ಅಂತ ತಿಳಿಯಿತಲ್ಲ. ಅಷ್ಟು ಕಾಯಲು ಆಗದ ಜಾಗದಲ್ಲಿ ಲೋಡಿಂಗ್ ಡೋಸ್, ಅಂದರೆ ಮೊದಲಿಗೇ ಕೊಡುವ ದೊಡ್ಡ ಡೋಸ್, ಅದರ ಲೆಕ್ಕಕ್ಕೆ ಹಾಫ್ ಲೈಫ್ ಬೇಡ, ಔಷಧ ದೇಹದಲ್ಲಿ ಎಷ್ಟು ಹರಡುತ್ತದೆ ಅನ್ನುವುದು ಬೇಕು. ಮೂರ್ಛೆರೋಗದ ಔಷಧ ಫೆನಿಟಾಯಿನ್ ಮತ್ತು ಮದ್ಯ ಹಾಫ್ ಲೈಫ್ ನಿಯಮ ಮುರಿಯುತ್ತವೆ, ಅವನ್ನು ಕರಗಿಸುವ ಎಂಜೈಮ್ ತುಂಬಿಹೋಗುತ್ತದೆ. ಹಾಗಾಗಿ ಫೆನಿಟಾಯಿನ್ ಡೋಸ್ ಸ್ವಲ್ಪ ಏರಿಸಿದರೂ ಮಟ್ಟ ಒಮ್ಮೆಲೇ ಜಿಗಿಯುತ್ತದೆ.

ಮನೆಯ ಮಾತ್ರೆ ಡಬ್ಬಿ

ರಜೆಗೆ ಊರಿಗೆ ಹೋದಾಗ ಅಜ್ಜನ ಡಬ್ಬಿ ತೆರೆದು ಒಂದೊಂದು ಸ್ಟ್ರಿಪ್ ಹಿಂದೆ ತಿರುಗಿಸಿ ಜೆನೆರಿಕ್ ಹೆಸರು ಓದಿ. ಜನೌಷಧಿ ಅಂಗಡಿಯ ಸ್ಟ್ರಿಪ್ ಆದರೆ ಇನ್ನೂ ಸುಲಭ, ಜೆನೆರಿಕ್ ಹೆಸರೇ ಮುಂದೆ ಇರುತ್ತದೆ. ಅಮ್ಲೊಡಿಪಿನ್ ತೆಗೆದುಕೊಳ್ಳುವ ಅಜ್ಜನ ಕಾಲು ಊದಿದೆಯಾ ನೋಡಿ. ಊದಿದ್ದರೆ ಅದು ನೀರು ಜಾಸ್ತಿಯಾಗಿ ಬಂದದ್ದಲ್ಲ, ಸಣ್ಣ ಅಪಧಮನಿ ಹಿಗ್ಗಿ ರಕ್ತನಾಳದಿಂದ ದ್ರವ ಹೊರಗೆ ಬಂದದ್ದು, ಹಾಗಾಗಿ ನೀರಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಎನಲಾಪ್ರಿಲ್ ತೆಗೆದುಕೊಳ್ಳುವ ದೊಡ್ಡಮ್ಮನಿಗೆ ಒಣ ಕೆಮ್ಮು ಇದೆಯಾ? ಬ್ರಾಡಿಕೈನಿನ್ ಅನ್ನುವ ವಸ್ತುವನ್ನು ಒಡೆಯುವುದೂ ಎನಲಾಪ್ರಿಲ್ ತಡೆಯುವ ಎಸಿಇ ಎಂಜೈಮೇ, ಒಡೆಯದೆ ಅದು ಸೇರಿಕೊಂಡು ಕೆಮ್ಮು. ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಪ್ಯಾಂಟೊಪ್ರಜೋಲ್ ಊಟಕ್ಕೆ ಅರ್ಧ ಗಂಟೆ ಮೊದಲು ಯಾಕೆ? ಅದರ ಹಾಫ್ ಲೈಫ್ ಸುಮಾರು ಒಂದು ಗಂಟೆ, ಊಟದ ಹೊತ್ತಿಗೆ ಹೊಟ್ಟೆಯಲ್ಲಿ ಆಮ್ಲ ಬಿಡುವ ಪಂಪ್ ಚಾಲೂ ಆದಾಗ ಅದು ರಕ್ತದಲ್ಲಿ ಇರಬೇಕು. ಒಮ್ಮೆ ಪಂಪ್ ಹಿಡಿದರೆ ಬಿಡುವುದಿಲ್ಲ, ಹೊಸ ಪಂಪ್ ಹುಟ್ಟುವವರೆಗೂ ಪರಿಣಾಮ ಇರುತ್ತದೆ. ಒಂದು ಗಂಟೆಯ ಹಾಫ್ ಲೈಫ್ ಇರುವ ಮಾತ್ರೆ ದಿನಕ್ಕೊಂದು ಸಾಕಾಗುವುದು ಹೀಗೆ.

ಆದರೆ ಇಲ್ಲಿ ಒಂದು ಎಚ್ಚರ. ಔಷಧ ಓದುವ ಹುಡುಗ ಬಂದ ಅಂತ ಗೊತ್ತಾದರೆ ಪಕ್ಕದ ಮನೆಯವರೂ ಸ್ಟ್ರಿಪ್ ಹಿಡಿದು ಬರುತ್ತಾರೆ. ಇದು ಯಾವುದಕ್ಕೆ ಅಂತ ಹೇಳಿ, ತಪ್ಪಿಲ್ಲ. ಬಿಡಿ, ಕಡಿಮೆ ಮಾಡಿ, ಇನ್ನೊಂದು ತಗೊಳ್ಳಿ ಅಂತ ಹೇಳಬೇಡಿ. ಎರಡನೇ ವರ್ಷದಲ್ಲಿ ನಮಗೆ ರೋಗಿಯ ಬಗ್ಗೆ ಗೊತ್ತಿರುವುದು ಬಹಳ ಕಡಿಮೆ.

ಆಂಟಿಬಯಾಟಿಕ್ ಭಾಗ

ಇಲ್ಲಿ ಮಾತ್ರ ಸ್ವಲ್ಪ ಉರು ಹೊಡೆಯಲೇಬೇಕು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಔಷಧ ಬ್ಯಾಕ್ಟೀರಿಯಾದಲ್ಲಿ ಹೊಡೆಯುವ ಜಾಗ ನೋಡಿ ಗೋಡೆ, ಪ್ರೋಟೀನ್, ಡಿಎನ್‌ಎ, ಫೋಲೇಟ್ ಅಂತ ನಾಲ್ಕು ಜಾಗಕ್ಕೆ ನಾಲ್ಕು ಹಾಳೆ ಮಾಡಿ. ಉದಾಹರಣೆಗೆ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಬರುವ ಇಲಿಜ್ವರ ಇಟ್ಟುಕೊಳ್ಳಿ. ಸಣ್ಣ ಪ್ರಮಾಣದ್ದಕ್ಕೆ ಡಾಕ್ಸಿಸೈಕ್ಲಿನ್, ಜೋರಾದರೆ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ಒಂದು ಪ್ರೋಟೀನ್ ಹಾಳೆಗೆ, ಎರಡು ಗೋಡೆಯ ಹಾಳೆಗೆ. ಡಾಕ್ಸಿಸೈಕ್ಲಿನ್ ಕಬ್ಬಿಣದ ಮಾತ್ರೆಯ ಜೊತೆ ಸೇರಿದರೆ ಹೀರಿಕೊಳ್ಳುವುದು ಕಡಿಮೆ, ಮಲಗುವ ಮುಂಚೆ ಒಂದು ಗುಟುಕು ನೀರಲ್ಲಿ ನುಂಗಿದರೆ ಅನ್ನನಾಳ ಹುಣ್ಣಾಗುತ್ತದೆ. ಟಿಬಿ ಔಷಧ ನಾಲ್ಕೂ ಅಡ್ಡ ಪರಿಣಾಮದಿಂದಲೇ ನೆನಪಿಡಿ: ರಿಫಾಂಪಿಸಿನ್ ಕಿತ್ತಳೆ ಮೂತ್ರ, ಐಸೋನಿಯಾಜಿಡ್ ನರ, ಪೈರಾಜಿನಮೈಡ್ ಯೂರಿಕ್ ಆಮ್ಲ, ಎಥಾಂಬುಟಾಲ್ ಕಣ್ಣು.

ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯಿರಿ

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಪುಸ್ತಕದ ಸಾಲನ್ನು ಹಾಗೇ ಬಾಯಿಪಾಠ ಮಾಡುವುದು ಜಾಸ್ತಿ. ಅದು ಬಿಡಿ. ಒಂದು ವಿಷಯ ಓದಿದ ಮೇಲೆ ರೂಮಿನವರಿಗೆ ಕನ್ನಡದಲ್ಲಿ ಹೇಳಿ. ರಿಸೆಪ್ಟರ್, ಎಂಜೈಮ್ ಅನ್ನುವ ಪದ ಹಾಗೇ ಇರಲಿ, ಉಳಿದದ್ದು ಕನ್ನಡದಲ್ಲಿ ಬರಬೇಕು. ಎಲ್ಲಿ ತಡವರಿಸುತ್ತೀರೋ ಅಲ್ಲಿ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಅದಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಿರಿ, ವ್ಯಾಕರಣದ ತಲೆಬಿಸಿ ಬೇಡ. ಔಷಧದ ಹೆಸರಿನ ಸ್ಪೆಲ್ಲಿಂಗ್ ಮಾತ್ರ ತಪ್ಪಬಾರದು, ಎರಡು ಅಕ್ಷರ ಬದಲಾದರೆ ಬೇರೆ ಔಷಧವೇ ಆಗಿಬಿಡಬಹುದು.

ಪರೀಕ್ಷೆ ಮತ್ತು ಪ್ರಾಕ್ಟಿಕಲ್

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆ ಗುಡ್ಡೆ ಹಾಕಿಕೊಳ್ಳಿ. ಎಂಬಿಬಿಎಸ್‌ಗೆ ನೂರು ನೂರು ಅಂಕದ ಎರಡು ಪತ್ರಿಕೆ. ಹತ್ತು ಅಂಕದ ದೊಡ್ಡ ಪ್ರಶ್ನೆಗೆ ಗುಂಪಿನ ವರ್ಗೀಕರಣ, ಕೆಲಸ ಮಾಡುವ ರೀತಿ, ಉಪಯೋಗ, ಅಡ್ಡ ಪರಿಣಾಮ ಇದೇ ಕ್ರಮದಲ್ಲಿ ಬರೆಯಿರಿ, ಒಂದು ಚಿತ್ರ ಇರಲಿ. ಮೂರು ಅಂಕದ ಪ್ರಶ್ನೆಗೆ ಒಂದು ಪುಟ ಬರೆದು ಸಮಯ ಕಳೆಯುವವರೇ ಜಾಸ್ತಿ, ಮೂರು ಅಂಶ ಬರೆದು ಮುಂದೆ ಹೋಗಿ.

ಬಿ.ಫಾರ್ಮ್‌ನವರಿಗೆ ನಾಲ್ಕು, ಐದು, ಆರನೇ ಸೆಮಿಸ್ಟರ್‌ನಲ್ಲಿ ಒಂದೊಂದು ಪತ್ರಿಕೆ, ಬಯೋಅಸ್ಸೇ, ಅಂದರೆ ಔಷಧದ ಬಲವನ್ನು ಜೀವಿ ಅಥವಾ ಅಂಗಾಂಶದ ಮೇಲೆ ಅಳೆಯುವುದು, ಸ್ವಲ್ಪ ಜಾಸ್ತಿ. ಪ್ರಾಣಿಗಳ ಮೇಲಿನ ಪ್ರಯೋಗ ಈಗ ಹೆಚ್ಚಾಗಿ ಕಂಪ್ಯೂಟರ್ ಮೇಲೆ ನಡೆಯುತ್ತದೆ, ಡೋಸ್ ಮತ್ತು ಪರಿಣಾಮದ ಗ್ರಾಫ್ ಬಲಕ್ಕೆ ಸರಿಯಿತೋ, ಮೇಲ್ತುದಿ ಕುಗ್ಗಿತೋ ಅಂತ ನೋಡಿ ಹೇಳುವುದು ಬಂದರೆ ಸಾಕು. ಬಲಕ್ಕೆ ಸರಿದು ಎತ್ತರ ಹಾಗೇ ಇದ್ದರೆ ಪೈಪೋಟಿಯ ತಡೆ, ಎತ್ತರವೇ ಕುಗ್ಗಿದರೆ ಪೈಪೋಟಿ ಇಲ್ಲದ ತಡೆ.

ಎಂಬಿಬಿಎಸ್ ಪ್ರಾಕ್ಟಿಕಲ್‌ನಲ್ಲಿ ರೋಗಿಗೆ ಇನ್ಹೇಲರ್ ಅಥವಾ ಇನ್ಸುಲಿನ್ ಬಗ್ಗೆ ವಿವರಿಸಿ ಅನ್ನುವ ಸ್ಟೇಷನ್ ಬಂದರೆ ಅದು ನಮ್ಮದೇ ಮೈದಾನ. ಅಜ್ಜಾ, ಉಸಿರು ಪೂರ್ತಿ ಹೊರಗೆ ಬಿಡಿ, ಬಾಯಲ್ಲಿ ಇಟ್ಟುಕೊಂಡು ನಿಧಾನ ಎಳೆಯುವಾಗಲೇ ಒತ್ತಿ, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ, ಸ್ಟೀರಾಯ್ಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಿ. ಇಷ್ಟನ್ನು ಸರಾಗ ಹೇಳಿದರೆ ಪೂರ್ತಿ ಅಂಕ. ಅಡ್ಡ ಪರಿಣಾಮ ವರದಿ ಮಾಡುವ ಫಾರ್ಮ್ ತುಂಬುವುದೂ ಬರುತ್ತದೆ. 2010ರಿಂದ ದೇಶದಲ್ಲಿ ಇದಕ್ಕೊಂದು ಕಾರ್ಯಕ್ರಮ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ರೋಗಿಯ ಇನಿಷಿಯಲ್ಸ್, ಏನಾಯಿತು, ಯಾವ ಔಷಧದ ಮೇಲೆ ಅನುಮಾನ, ಯಾರು ವರದಿ ಮಾಡಿದ್ದು, ಈ ನಾಲ್ಕು ಖಾಲಿ ಬಿಟ್ಟರೆ ಫಾರ್ಮ್ ಲೆಕ್ಕಕ್ಕಿಲ್ಲ. ವಾರ್ಡಿನಲ್ಲಿ ಒಂದು ನಿಜವಾದ ಫಾರ್ಮ್ ತುಂಬಲು ಅವಕಾಶ ಸಿಕ್ಕಿದರೆ ಬಿಡಬೇಡಿ, ಪರೀಕ್ಷೆಯಲ್ಲಿ ಕೊಡುವುದೂ ಅದನ್ನೇ.